ಕಣಕುಂಬಿಯ ಕ್ಯಾಮೆರಾ ಕಾಕಾ

ಮಲಪ್ರಭೆ ಹುಟ್ಟುವ ಕಣಕುಂಬಿಯಲ್ಲಿ ಹಿರಿಯರ ಮನೆಯನ್ನೂ ಬೆಳಗಾವಿಯ ಟಿಳಕವಾಡಿಯಲ್ಲಿ ಸ್ವಂತ ಮನೆಯನ್ನೂ ಹೊಂದಿದ ನಿವೃತ್ತ ಗೃಹಸ್ಥರಲ್ಲಿ, ಮೊದಲನೆಯದನ್ನು ಎರಡನೆಯದರ ಸೋಫಾದ ಮೇಲೆ ಕುಳಿತೇ ಕಾಯುವ ಒಂದು ವರ್ಗವಿದ್ದು, ಬಂಧುಬಳಗದಲ್ಲಿ ಇಂಥವರಿಗೆ 'ಕ್ಯಾಮೆರಾ ಕಾಕಾ' ಎಂಬ ಹೆಸರು ಸಲ್ಲುತ್ತದೆ. ಜಾಂಬೋಟಿ ಮಾರ್ಗವಾಗಿ ಸುಮಾರು 50 ಕಿಲೋಮೀಟರ್ ದೂರವಿರುವ ಊರ ಅಂಗಳವನ್ನು ಕಾಕಾ ಮೊಬೈಲಿನಲ್ಲಿ ಗಂಟೆಗೊಮ್ಮೆ ಪರಿಶೀಲಿಸುವರಾದರೂ, ಅದೇ ಗಮನದ ಭರದಲ್ಲಿ ಟಿಳಕವಾಡಿಯ ಗೇಟಿಗೆ ಚಿಲಕ ಹಾಕುವುದನ್ನು ಮರೆಯುತ್ತಾರೆ.

ಈ ಕಾವಲಿನ ಆಧಾರ ಮೆಶ್ ವೈಫೈ. ಎಂದರೆ, ಒಂದೇ ರೂಟರನ್ನು ನೆಚ್ಚದೆ, 'ನೋಡ್' ಎಂಬ ಹಲವು ಪೆಟ್ಟಿಗೆಗಳನ್ನು ಮನೆಯ ಅಲ್ಲಲ್ಲಿ ಇಟ್ಟು, ಅವು ಪರಸ್ಪರ ಸಂಕೇತವನ್ನು ದಾಟಿಸುತ್ತ ಒಂದೇ ಹೆಸರಿನ ಜಾಲವನ್ನು ಹರಡುವ ವ್ಯವಸ್ಥೆ. ಮನೆಬಳಕೆಯ ಕ್ಯಾಮೆರಾಗಳಲ್ಲಿ ಹಲವು 2.4 ಗಿಗಾಹರ್ಟ್ಸ್ ತರಂಗಗಳನ್ನು ಮಾತ್ರ ಬಲ್ಲವು. 5 ಗಿಗಾಹರ್ಟ್ಸಿನವು ಹೆಚ್ಚು ವೇಗದವಾದರೂ ಹಳೆಯ ಮನೆಯ ದಪ್ಪ ಗೋಡೆಗಳೆದುರು ಬೇಗ ಸೋಲುತ್ತವೆ. ಇದರ ಜೊತೆಗೆ, ಕ್ಯಾಮೆರಾ ಹತ್ತಿರದ ನೋಡನ್ನು ಬಿಟ್ಟು, ಮೊದಲು ಹಿಡಿದ ದೂರದ ನೋಡಿಗೇ ಅಂಟಿಕೊಳ್ಳುವುದುಂಟು. ಒಂದೇ ರೇಡಿಯೊದಿಂದ ಸಂಕೇತವನ್ನು ಪಡೆದು ಮುಂದೆ ಕಳಿಸುವ ನೋಡುಗಳಲ್ಲಂತೂ ಪ್ರತಿ ದಾಟುವಿಕೆಗೂ ವೇಗ ಹೆಚ್ಚುಕಡಿಮೆ ಅರ್ಧಕ್ಕಿಳಿಯುವುದರಿಂದ, ಹಿತ್ತಿಲ ಕೊಟ್ಟಿಗೆಯ ಚಿತ್ರ ತಲುಪುವ ಹೊತ್ತಿಗೆ ಅದರಲ್ಲಿದ್ದ ಎಮ್ಮೆ ಮೇಯಲು ಹೋಗಿರುತ್ತದೆ.

ಇಂಥ ಕಾರಣಗಳನ್ನು ಕಾಕಾ ಒಪ್ಪುವುದಿಲ್ಲ. ಅವರ ದೃಷ್ಟಿಯಲ್ಲಿ ಪ್ರತಿಯೊಂದು ದೋಷದ ಹಿಂದೆಯೂ ಒಬ್ಬ ಕಳ್ಳನಿರಬೇಕು. ಕತ್ತಲೆಯಲ್ಲಿ ನೋಡಲೆಂದು ಕ್ಯಾಮೆರಾ ಬೀರುವ ಇನ್‌ಫ್ರಾರೆಡ್ ಬೆಳಕು ಮಸೂರದ ಮುಂದಿನ ಜೇಡನ ಬಲೆಗೆ ಬಡಿದು ಹೊಳೆದು, ನಡುರಾತ್ರಿ 'ಚಲನೆ ಪತ್ತೆಯಾಗಿದೆ' ಎಂಬ ಸೂಚನೆ ಬಂದಾಗ, ಅವರು ಅದನ್ನು ಮನೆತನದ ವಾಟ್ಸ್ಆ್ಯಪ್ ಗುಂಪಿಗೆ ರವಾನಿಸುತ್ತಾರೆ. ಪುಣೆಯ ಸೊಸೆ ಅದನ್ನು ಜೇಡವೆಂದು ಗುರುತಿಸಿದರೂ, ಜೇಡ ಯಾರ ಕಡೆಯದೆಂಬ ಸಂಶಯ ಅವರಿಗೆ ಉಳಿಯುತ್ತದೆ.

ಚಿಕಿತ್ಸೆ ಮಾತ್ರ ಸದಾ ಒಂದೇ: ಚಾವಿ ಇಟ್ಟುಕೊಂಡಿರುವ ನೆರೆಮನೆಯ ವೈನಿಗೆ (ಅತ್ತಿಗೆಗೆ) ಫೋನು.

"ವೈನಿ, ಆ ಪೆಟಗಿ ಒಮ್ಮೆ ಬಂದ್ ಮಾಡಿ ಚಾಲೂ ಮಾಡ್ರಿ."

"ಲೈಟ್ ಹೋಗಿ ಎರಡ ದಿನಾ ಆತ್ರಿ ಅಣ್ಣಾ, ಬಂದ್ ಏನ್ ಮಾಡ್ಲಿ?"

ಮುಖ್ಯ ರೂಟರಿನಿಂದ ದೂರದ ನೋಡಿಗೆ ಒಂದು ಲ್ಯಾನ್ ಕೇಬಲ್ ಎಳೆದು, ಎರಡಕ್ಕೂ ಬ್ಯಾಟರಿ ಬೆಂಬಲ ಕೊಟ್ಟರೆ ತೊಂದರೆ ಬಹುಪಾಲು ನೀಗುತ್ತದೆಂದು ಖಾನಾಪುರದ ಮೆಕ್ಯಾನಿಕ್ ಎಷ್ಟು ಹೇಳಿದರೂ, ವೈರು ಎಳೆಯುವುದಾದರೆ ವೈರ್‌ಲೆಸ್‌ಗೆ ದುಡ್ಡು ಕೊಟ್ಟಿದ್ದೇಕೆ ಎಂಬ ಕಾಕಾರ ವಾದಕ್ಕೆ ತಾಂತ್ರಿಕ ಶಾಸ್ತ್ರದಲ್ಲಿ ಪ್ರತ್ಯುತ್ತರವಿಲ್ಲ.

ಹೀಗೆ ಮನೆಯನ್ನು ಕ್ಯಾಮೆರಾವೂ, ಕ್ಯಾಮೆರಾವನ್ನು ನೋಡೂ, ನೋಡನ್ನು ವೈನಿಯೂ ಕಾಯುವ ಈ ಏರ್ಪಾಟಿನಲ್ಲಿ, ವೈನಿ ಚೌತಿಗೆ ತವರಿಗೆ ಹೊರಟರೆ ಕಾಕಾರಿಗೆ ನಿದ್ದೆ ಹತ್ತುವುದಿಲ್ಲ. ಆದ್ದರಿಂದ ಆಕೆಯ ಮನೆಗೂ ತಮ್ಮ ಖರ್ಚಿನಲ್ಲಿ ಒಂದು ಕ್ಯಾಮೆರಾ ಕೂರಿಸುವ ಪ್ರಸ್ತಾಪವನ್ನು ಅವರು ವರ್ಷವೂ ಮಂಡಿಸುತ್ತಾರೆ. ಅದನ್ನು ಬಂದ್ ಮಾಡಿ ಚಾಲೂ ಮಾಡುವವರು ಯಾರೆಂದು ಆಕೆ ವರ್ಷವೂ ಕೇಳುತ್ತಾರೆ.