ಮಾನ್ಯ ಉಣುಗಿನವರ ಸನ್ನಿಧಾನಕ್ಕೆ

ಶ್ರೀಮಾನ್ ಉಣುಗು ಮಹಾಶಯರಿಗೆ,
ದರಗಿನ ರಾಶಿಯ ಕೆಳಗೆ,
ಕಾಡಂಚು, ಮಲೆನಾಡು.

ವಿಷಯ: ಮಂಗನ ಕಾಯಿಲೆ ಹಂಚುವ, ಆರು ದಶಕ ಮೀರಿದ ತಮ್ಮ ಅವಿರತ ಸೇವೆಯನ್ನು ಶ್ಲಾಘಿಸುವ ಬಗ್ಗೆ.

ಮಾನ್ಯರೇ,

‘ಇಲ್ಲಿ ನಾವೆಲ್ಲ ಕ್ಷೇಮ, ತಮ್ಮ ಕ್ಷೇಮಕ್ಕೆ ಬರೆಯಿರಿ’ ಎಂದು ಪತ್ರ ಶುರುಮಾಡುವುದು ಹಿರಿಯರು ಹಾಕಿಕೊಟ್ಟ ಪದ್ಧತಿ. ತಮ್ಮ ವಿಷಯದಲ್ಲಿ ಅದು ನಡೆಯುವುದಿಲ್ಲ. ತಾವು ಕ್ಷೇಮವಾಗಿದ್ದರೆ ನಾವು ಆಸ್ಪತ್ರೆಯಲ್ಲಿರುತ್ತೇವೆ. ಆದ್ದರಿಂದ ನೇರ ಸಂಗತಿಗೇ ಬರುತ್ತೇನೆ.

ಮೊದಲು ತಮ್ಮ ಸಮಯಪಾಲನೆಗೆ ಒಂದು ನಮಸ್ಕಾರ. ಮಳೆಗಾಲದಲ್ಲಿ ಪ್ರಾಯಕ್ಕೆ ಬಂದು, ದನದ ಮೈಮೇಲೆ ಕೂತು ಹೊಟ್ಟೆ ತುಂಬಿಸಿಕೊಂಡು, ಕೆಳಗುದುರಿ ರಾಶಿ ಮೊಟ್ಟೆಯಿಡುತ್ತೀರಿ. ಮಳೆ ಹಿಂದೆಗೆಯುತ್ತಿದ್ದಂತೆ ಆರು ಕಾಲಿನ ಮರಿಗಳು ಹೊರಬಂದು ಇಲಿ, ಹೆಗ್ಗಣ, ನೆಲಕ್ಕಿಳಿಯುವ ಹಕ್ಕಿಗಳ ಮೇಲೆ ಅಭ್ಯಾಸ ನಡೆಸುತ್ತವೆ. ಪೊರೆ ಕಳಚಿ ಎಂಟು ಕಾಲು ಮೂಡಿದ ಮೇಲೆ, ಸಂಕ್ರಾಂತಿಯ ಆಸುಪಾಸಿನಿಂದ ಮೇ ತಿಂಗಳ ತನಕ, ಅಸಲಿ ಕೆಲಸ. ಎಳ್ಳು ಕಾಳಿನಷ್ಟೂ ಇಲ್ಲದ ತಮ್ಮ ಎಳೆಯರು ದರಗೆಲೆಯ ತುದಿಗೆ ಬಂದು, ಮುಂಗಾಲು ಚಾಚಿ, ಹಾದುಹೋಗುವವರಿಗಾಗಿ ಕಾಯುತ್ತಾರೆ. ಸರಿಯಾಗಿ ಅದೇ ಹೊತ್ತಿಗೆ ನಮ್ಮವರೂ ಕೊಟ್ಟಿಗೆಗೆ ದರಗು ಗುಡಿಸಲು, ಕಟ್ಟಿಗೆ ತರಲು ಕಾಡು ಹೊಗುತ್ತಾರೆ. ಇಂಥ ಹೊಂದಾಣಿಕೆ ನಮ್ಮ ಸರ್ಕಾರಿ ಬಸ್ಸಿಗೂ ರೈಲಿಗೂ ಇದ್ದಿದ್ದರೆ ಸಾಗರದವರು ಎಷ್ಟೋ ಸುಖವಾಗಿರುತ್ತಿದ್ದರು.

ತಾವು ಬರುವ ತಿಂಗಳು ಯಾವುದು, ಎಲ್ಲಿ ಕಾಯುತ್ತೀರಿ, ಯಾರನ್ನು ಕಚ್ಚುತ್ತೀರಿ ಎಂಬುದೆಲ್ಲ 1960ರ ದಶಕದಿಂದಲೇ ಪುಸ್ತಕದಲ್ಲಿದೆ. ಹಾಗಿದ್ದೂ ಪ್ರತಿ ಜನವರಿಯಲ್ಲಿ ನಮ್ಮ ಆಡಳಿತ ‘ಎಚ್ಚೆತ್ತುಕೊಳ್ಳುತ್ತದೆ’. ಪತ್ರಿಕೆಗಳು ಹಾಗೆಯೇ ಬರೆಯುತ್ತವೆ. ಏಳು ತಿಂಗಳು ಅದು ಏನು ಮಾಡುತ್ತಿತ್ತು ಎಂದು ಕೇಳುವುದು ಅಸಭ್ಯತೆಯಾಗುತ್ತದೆ.

ತಮ್ಮ ವಿನಯವನ್ನೂ ಹೇಳಲೇಬೇಕು. ಕೆಲಸವೆಲ್ಲ ತಮ್ಮದು, ಕೀರ್ತಿ ಮಂಗನಿಗೆ. ಬಡಪಾಯಿ ಮಂಗ, ಮುಸಿಯಗಳು ತಾವು ಕೊಟ್ಟ ವೈರಸ್ಸಿನಿಂದ ನಮಗಿಂತ ಮೊದಲು, ನಮಗಿಂತ ಹೆಚ್ಚಾಗಿ ಸಾಯುತ್ತವೆ. ಸತ್ತು ಮೈ ತಣ್ಣಗಾದೊಡನೆ ತಾವು ಉದುರಿ ಸುತ್ತಲ ನೆಲದಲ್ಲಿ ಹರಡಿಕೊಳ್ಳುತ್ತೀರಿ. ಊರಿನವರು ಮಾತ್ರ ‘ಮಂಗನ ಕಾಯಿಲೆ ಬಂತು’ ಎಂದು ಕೋವಿಯತ್ತ ನೋಡುತ್ತಾರೆ. ತೋಟಕ್ಕೆ ನುಗ್ಗಿ ಎಳೆ ಅಡಿಕೆ ಹಾಳುಮಾಡುವುದಕ್ಕೂ ಇದಕ್ಕೂ ಸೇರಿಸಿ ಲೆಕ್ಕ ಚುಕ್ತಾ ಮಾಡುವ ಆಸೆ.

1957ರ ಮಾರ್ಚ್ ನೆನಪಿದೆಯೇ? ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಲುಸಾಲಾಗಿ ಸತ್ತವು, ಸುತ್ತಲ ಹಳ್ಳಿಗಳಲ್ಲಿ ಜನ ಜ್ವರದಿಂದ ಮಲಗಿದರು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಓಡಿ ಬಂದರು. ಅದು ರಾಕ್‌ಫೆಲರ್ ಫೌಂಡೇಶನ್ ಮತ್ತು ನಮ್ಮ ವೈದ್ಯಕೀಯ ಸಂಶೋಧನಾ ಮಂಡಳಿ ಕೂಡಿ 1952ರಲ್ಲಿ ಕಟ್ಟಿದ ಸಂಸ್ಥೆ. ಮಂಗ ಸಾಯುತ್ತಿದೆ ಎಂದಾಗ ಅವರಿಗೆ ಮೊದಲು ಬಂದ ಅನುಮಾನ ಹಳದಿ ಜ್ವರ. ಆಫ್ರಿಕಾ, ದಕ್ಷಿಣ ಅಮೆರಿಕಗಳ ಆ ಪಿಡುಗು ಭಾರತಕ್ಕೆ ಕಾಲಿಟ್ಟಿತೇ ಎಂಬ ಗಾಬರಿ. ಸಿಕ್ಕಿದ್ದು ಹೊಸ ವೈರಸ್. ಅದರ ಕುಲಗೋತ್ರ ಹುಡುಕಿದರೆ ರಷ್ಯಾದ ಉಣುಗು ಜ್ವರದ ಹತ್ತಿರದ ನೆಂಟಸ್ತಿಕೆ ಕಂಡಿತು. ಹಾಗಾದರೆ ಸೈಬೀರಿಯದಿಂದ ಚಳಿಗಾಲಕ್ಕೆ ಬರುವ ಹಕ್ಕಿಗಳೇ ತಂದವೇ? ಸಲೀಂ ಅಲಿಯವರೂ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯವರೂ ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ ಹಕ್ಕಿಗಳ ಕಾಲಿಗೆ ಉಂಗುರ ತೊಡಿಸುತ್ತ ಹೊರಟರು. ತಾವು ದರಗಿನ ಕೆಳಗೆ ಕೂತು ಇದನ್ನೆಲ್ಲ ಮಂದಹಾಸದಿಂದ ನೋಡಿರಬೇಕು. ಹೊರಗಿನಿಂದ ಬಂದವರ ಮೇಲೆ ತಪ್ಪು ಹೊರಿಸುವ ಅಭ್ಯಾಸ ನಮ್ಮಲ್ಲಿ ಹಳೆಯದು.

ಆ ಕಾಲದ ವಿಜ್ಞಾನಿಗಳನ್ನು ನಾನು ಹಾಸ್ಯ ಮಾಡಲಾರೆ. ಸಾಗರದಲ್ಲಿ ಬೀಡುಬಿಟ್ಟು, ಕಾಡಿನ ನೆಲದ ಮೇಲೆ ಬಟ್ಟೆ ಎಳೆದು ತಮ್ಮನ್ನು ಎಣಿಸಿದವರು ಅವರು. ಕೊಲಂಬಿಯಾದಿಂದ ಬಂದ ಹೋರ್ಹೆ ಬೊಶೆಲ್ 1969ರಲ್ಲೇ ಬರೆದಿದ್ದ: ಜನ ಹೆಚ್ಚಿದರು, ಕಾಡು ಕಡಿದು ಗದ್ದೆ ತೋಟ ಮಾಡಿದರು, ದನಗಳನ್ನು ಕಾಡಿಗೆ ಅಟ್ಟಿದರು, ದನದ ರಕ್ತ ಕುಡಿದು ಉಣುಗು ಹೆಚ್ಚಿತು. ಕಾಡಿನೊಳಗೆ ಸದ್ದಿಲ್ಲದೆ ಇದ್ದದ್ದು ಅಂಚಿಗೆ ಬಂತು.

ಬರೆದದ್ದನ್ನು ಯಾರು ಓದಿದರು ಎಂಬುದಕ್ಕೆ ಬೆಳ್ತಂಗಡಿಯೇ ಸಾಕ್ಷಿ. 1980ರ ದಶಕದ ಮೊದಲಲ್ಲಿ ಅಲ್ಲಿ ಗೇರು ತೋಟಕ್ಕೆಂದು ಮೀಸಲು ಅರಣ್ಯ ಕಡಿಯಲಾಯಿತು. ಕಡಿದ ಕಾಡಿನಲ್ಲಿ ಮಂಗಗಳು ಸತ್ತವು, ಬೆನ್ನಿಗೇ ಆಳುಗಳು ಮಲಗಿದರು. 1983ರಲ್ಲಿ ಸಾವಿರಕ್ಕೂ ಹೆಚ್ಚು ಜನರಿಗೆ ಜ್ವರ ಬಂತು, ನೂರಕ್ಕೂ ಹೆಚ್ಚು ಮಂದಿ ತೀರಿಕೊಂಡರು. ತಮ್ಮ ಸೇವಾವಧಿಯಲ್ಲಿ ಅಷ್ಟು ದೊಡ್ಡ ಆಹ್ವಾನ ಪತ್ರಿಕೆ ತಮಗೆ ಮತ್ತೆ ಬಂದಿಲ್ಲ.

ಈಗ ಇತ್ತೀಚಿನ ಸಂಶೋಧನೆಗೆ ಬರೋಣ. 2020ರಲ್ಲಿ ಬ್ರಿಟನ್ನಿನ ಮತ್ತು ನಮ್ಮ ವಿಜ್ಞಾನಿಗಳು, ಆರೋಗ್ಯ ಮತ್ತು ಪಶು ಇಲಾಖೆಯವರನ್ನೂ ಕೂರಿಸಿಕೊಂಡು, ಕಾಯಿಲೆ ಎಲ್ಲಿ ಬರುತ್ತದೆಂಬ ನಕ್ಷೆ ತಯಾರಿಸಿದರು. ದಟ್ಟ ನಿತ್ಯಹಸುರು ಕಾಡು, ತೋಟ ಎರಡೂ ತುಂಡು ತುಂಡಾಗಿ ಕಲಸಿಹೋದ ಕಡೆ, ಊರ ತಳಿಯ ದನಗಳು ಹೆಚ್ಚಿರುವ ಕಡೆ ಅಪಾಯ ಹೆಚ್ಚು ಎಂದು ಕಂಡುಬಂತು. ಬೊಶೆಲ್ ಕಾಲ್ನಡಿಗೆಯಲ್ಲಿ ಕಂಡದ್ದನ್ನು ಉಪಗ್ರಹ ಮೇಲಿನಿಂದ ಕಂಡು ಸಹಿ ಹಾಕಿತು. ಮರುವರ್ಷ ಅದೇ ಬಳಗದವರು ಹಳೆಯ ಪ್ರಬಂಧಗಳನ್ನೆಲ್ಲ ಕೆದಕಿ ನೋಡಿದಾಗ ಇನ್ನೊಂದು ಸಂಗತಿ ಹೊರಬಿತ್ತು: ಜನರಿಗೆ ನಾವು ಕೊಡುವ ಸಲಹೆಗಳಲ್ಲಿ ಹಲವಕ್ಕೆ ಗಟ್ಟಿ ಪುರಾವೆಯೇ ಇಲ್ಲ. ಸತ್ತ ಮಂಗದ ಸುತ್ತ 50 ಮೀಟರ್ ಮೆಲಾಥಿಯಾನ್ ಪುಡಿ ಎರಚುತ್ತೇವಲ್ಲ, ಅದರಿಂದ ತಮಗೆ ಎಷ್ಟು ಕಷ್ಟವಾಗಿದೆ ಎಂದು ಯಾರೂ ಸರಿಯಾಗಿ ಅಳೆದಿಲ್ಲ. ದಯವಿಟ್ಟು ತಾವೇ ಒಂದು ವರದಿ ಕೊಡಬೇಕು.

ಇನ್ನು ನಮ್ಮ ಇಲಾಖೆಗಳ ವಿಷಯ. ಜ್ವರ ಬಂದ ಮನುಷ್ಯ ಆರೋಗ್ಯ ಇಲಾಖೆಗೆ ಸೇರುತ್ತಾನೆ. ದನ ಪಶುಪಾಲನಾ ಇಲಾಖೆಯದು. ಮಂಗ, ಸತ್ತರೂ ಬದುಕಿದ್ದರೂ, ಅರಣ್ಯ ಇಲಾಖೆಯ ಸೊತ್ತು. ತಾವೋ ದನದಿಂದ ನೆಲಕ್ಕೆ, ನೆಲದಿಂದ ಮಂಗಕ್ಕೆ, ಮಂಗದಿಂದ ದರಗಿಗೆ, ದರಗಿನಿಂದ ಕೂಲಿಯ ಹೆಂಗಸಿನ ಕಾಲಿಗೆ ಸಲೀಸಾಗಿ ವರ್ಗಾವಣೆ ಪಡೆಯುತ್ತೀರಿ. ಮೂರು ಇಲಾಖೆಗಳ ಕಡತ ಅಷ್ಟು ವೇಗದಲ್ಲಿ ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ಹೋದದ್ದುಂಟೇ? 2012ರ ಕೊನೆಯಲ್ಲಿ ಬಂಡೀಪುರದಲ್ಲಿ ಸತ್ತ ಮಂಗಗಳನ್ನು ಸುಟ್ಟುಹಾಕುವ ಕೆಲಸಕ್ಕೆ ಹಚ್ಚಿದವರಿಗೇ ಕಾಯಿಲೆ ಬಂತು. ಅಲ್ಲಿಯವರೆಗೆ ‘ಇದು ಶಿವಮೊಗ್ಗ ಕಡೆಯದು’ ಎಂದು ಚಾಮರಾಜನಗರ ನೆಮ್ಮದಿಯಿಂದಿತ್ತು. ಆಮೇಲೆ ತಾವು ವಯನಾಡು, ಗೋವಾ, ಸಿಂಧುದುರ್ಗ ಎಂದು ಪಶ್ಚಿಮ ಘಟ್ಟದುದ್ದಕ್ಕೂ ಶಾಖೆ ತೆರೆದಿರಿ. ಗಡಿ ತಕರಾರಿಲ್ಲದೆ ಕರ್ನಾಟಕ, ಕೇರಳ, ಮಹಾರಾಷ್ಟ್ರಗಳನ್ನು ಒಂದುಗೂಡಿಸಿದ ಕೀರ್ತಿ ತಮಗಿರಲಿ.

ಲಸಿಕೆಯ ಕಥೆ ತಮಗೆ ಬಲು ಇಷ್ಟವಾದೀತು. ವೈರಸ್ ಸಿಕ್ಕಿದ್ದು 1957ರಲ್ಲಿ. ಲಸಿಕೆ ಊರೂರಿಗೆ ಬಂದದ್ದು 1990ರಲ್ಲಿ. ಅದೇ ಪುಣೆಯ ಸಂಸ್ಥೆ ಕೋವಿಡ್ ವೈರಸ್ಸನ್ನು ಬೇರ್ಪಡಿಸಿ ಕೊಟ್ಟ ಮೇಲೆ ಒಂದು ವರ್ಷದೊಳಗೆ ದೇಶೀ ಲಸಿಕೆಗೆ ಅನುಮತಿ ಸಿಕ್ಕಿತು. ಕೋವಿಡ್ ಬೆಂಗಳೂರಿನ, ದೆಹಲಿಯ ಕಾಯಿಲೆ. ತಮ್ಮದು ದರಗು ಗುಡಿಸುವವರ ಕಾಯಿಲೆ.

1990ರ ದಶಕದ ಕ್ಷೇತ್ರ ಪರೀಕ್ಷೆಯಲ್ಲಿ ಎರಡು ಡೋಸ್ ಪಡೆದವರಲ್ಲಿ 94 ಪ್ರತಿಶತ ರಕ್ಷಣೆ ಎಂದು ಲೆಕ್ಕ ಬಂದಿತ್ತು. 2005ರಿಂದ 2010ರವರೆಗಿನ ಅಂಕಿಗಳನ್ನು ಜಾಲಾಡಿ 2013ರಲ್ಲಿ ಪ್ರಕಟವಾದ ಅಧ್ಯಯನ ಬೇರೆ ಮಾತು ಹೇಳಿತು: ಒಂದು ಡೋಸಿನಿಂದ ಏನೂ ಇಲ್ಲ, ಎರಡರಿಂದ 62.4 ಪ್ರತಿಶತ, ಬೂಸ್ಟರ್ ಸೇರಿದರೆ 82.9. ಅಂದರೆ ತಿಂಗಳ ಅಂತರದಲ್ಲಿ ಎರಡು, ಆಮೇಲೆ ಆರರಿಂದ ಒಂಬತ್ತು ತಿಂಗಳಿಗೆ ಒಂದು, ಆಮೇಲೆ ಐದು ವರ್ಷ ವರ್ಷಕ್ಕೊಂದರಂತೆ ಚುಚ್ಚಿಸಿಕೊಳ್ಳಬೇಕಿತ್ತು. ಆ ಚುಚ್ಚುಮದ್ದಿನ ಉರಿ ಎಂಥದೆಂದು ಮಲೆನಾಡಿನವರನ್ನೇ ಕೇಳಿ. ತೋಳು ಬಾತು ಮರುದಿನ ಕೂಲಿ ತಪ್ಪಿದರೆ ಯಾರೂ ಕೊಡುತ್ತಿರಲಿಲ್ಲ. ಆರರಿಂದ ಅರವತ್ತೈದು ವಯಸ್ಸಿನವರಿಗೆ ಮಾತ್ರ ಎಂಬ ನಿಯಮ ಬೇರೆ ಇತ್ತು. ತಾವೇನೂ ಕಚ್ಚುವ ಮೊದಲು ಆಧಾರ್ ಕಾರ್ಡ್ ನೋಡುವುದಿಲ್ಲ. ಕಾಯಿಲೆ ಕಂಡ ಊರಿನಿಂದ ಐದು ಕಿಲೋಮೀಟರ್ ವ್ಯಾಪ್ತಿಗೆ ಲಸಿಕೆ ಎಂದು ಗೆರೆ ಎಳೆದೆವು. ಆರನೆಯ ಕಿಲೋಮೀಟರಿನಲ್ಲಿದ್ದವರು ಮುಂದಿನ ವರ್ಷ ತಮ್ಮ ಪಟ್ಟಿಗೆ ಸೇರಿದರು. 2018–19ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡಿನ ಸುತ್ತ ಒಂದೇ ಋತುವಿನಲ್ಲಿ ಎಷ್ಟು ಮನೆಗಳಲ್ಲಿ ಸೂತಕವಾಯಿತು ಎಂಬುದನ್ನು ವಿಡಂಬನೆಯಲ್ಲಿ ಬರೆಯಲು ನನ್ನ ಕೈ ಬಾರದು.

ಸತ್ವ ಕಡಿಮೆಯಾಗುತ್ತ ಬಂದ ಆ ಲಸಿಕೆಯನ್ನು 2022ರಲ್ಲಿ ನಿಲ್ಲಿಸಲಾಯಿತು. ನಿಲ್ಲಿಸಿದ್ದು ಸರಿಯೇ. ಕೆಲಸ ಮಾಡದ ಲಸಿಕೆ ಹಾಕಿಸಿಕೊಂಡವನು ಧೈರ್ಯವಾಗಿ ಕಾಡಿಗೆ ಹೋಗುತ್ತಾನೆ, ಅದು ಇನ್ನೂ ಕೆಟ್ಟದ್ದು. ಆದರೆ ಹೊಸದು ಕೈಗೆ ಬರುವ ಮೊದಲೇ ಹಳೆಯದು ಹೋಗುವಂತೆ ಇಪ್ಪತ್ತು ವರ್ಷ ಕೂತು ನೋಡಿದ್ದು ಯಾವ ಇಲಾಖೆ? ಈಗ ವೈದ್ಯಕೀಯ ಸಂಶೋಧನಾ ಮಂಡಳಿಯೂ ಹೈದರಾಬಾದಿನ ಇಂಡಿಯನ್ ಇಮ್ಯುನಾಲಾಜಿಕಲ್ಸ್ ಸಂಸ್ಥೆಯೂ ಕೂಡಿ ಹೊಸ ಲಸಿಕೆಗೆ ದುಡಿಯುತ್ತಿವೆ. ವರ್ಷಕ್ಕೆ ಸರಾಸರಿ ನಾನೂರು ಐನೂರು ರೋಗಿಗಳ ಕಾಯಿಲೆಯಲ್ಲಿ ಯಾವ ಕಂಪನಿಗೂ ದುಡ್ಡು ಹುಟ್ಟುವುದಿಲ್ಲ. ಸರ್ಕಾರ ಗಂಟು ಬಿಚ್ಚದೆ ಇದು ಆಗುವ ಕೆಲಸವಲ್ಲ.

ಲಸಿಕೆಯಿಲ್ಲದ ಈ ಹೊತ್ತಿನಲ್ಲಿ ನಮ್ಮ ಬಳಿ ಇರುವ ಆಯುಧ ಮೈಗೆ ಸವರಿಕೊಳ್ಳುವ ಒಂದು ಎಣ್ಣೆ. ಮೊದಲು ಡಿಎಂಪಿ ಇತ್ತು, ಈಗ ರಕ್ಷಣಾ ಸಂಶೋಧನಾ ಸಂಸ್ಥೆಯವರು ಕಂಡುಹಿಡಿದ ಡೀಪಾ. ಹಿಮಾಲಯದ ಸೈನಿಕರಿಗೂ ಹೊಸನಗರದ ಸೊಪ್ಪಿನ ಹೊರೆಯವಳಿಗೂ ಒಂದೇ ಕವಚ ಎಂದು ಹೆಮ್ಮೆಪಡಬಹುದು. ಬಾಟಲಿ ಫೆಬ್ರವರಿಯ ಬದಲು ನವೆಂಬರಿನಲ್ಲಿ ಬಂದರೆ ಆ ಹೆಮ್ಮೆಗೆ ಇನ್ನಷ್ಟು ಅರ್ಥ ಬರುತ್ತದೆ. ಜೊತೆಗೆ ಒಂದು ಕರಪತ್ರ: ‘ಕಾಡಿಗೆ ಹೋಗಬೇಡಿ’. ಮನೆಯ ಹಿತ್ತಿಲೇ ಕಾಡು, ತೋಟದ ಬೇಲಿಯೇ ಕಾಡು, ಶಾಲೆಯ ದಾರಿಯೂ ಕಾಡು. ಕರಪತ್ರ ಬರೆದವರು ಯಾವ ಊರಿನವರೋ, ಅವರ ಮನೆ ಅಂಗಳದಲ್ಲಿ ಎಂದೂ ದರಗು ಬಿದ್ದಿರಲಿಕ್ಕಿಲ್ಲ.

ತಮಗೆ ಒಂದು ವಿಜ್ಞಾನದ ಮಾತು ನೆನಪಿಸಿ ಮುಗಿಸುತ್ತೇನೆ. ಮನುಷ್ಯನ ಮೈಗೆ ಬಂದ ಈ ವೈರಸ್ಸಿಗೆ ಮುಂದೆ ದಾರಿಯಿಲ್ಲ. ಅದು ಒಬ್ಬರಿಂದ ಇನ್ನೊಬ್ಬರಿಗೆ ಹರಡುವುದಿಲ್ಲ. ನಮ್ಮಲ್ಲಿ ನೂರಕ್ಕೆ ಮೂರರಿಂದ ಐದು ರೋಗಿಗಳು ಸಾಯುವುದರಿಂದ ತಮಗಾಗಲಿ ತಮ್ಮ ವೈರಸ್ಸಿಗಾಗಲಿ ಮೂರು ಕಾಸಿನ ಲಾಭವಿಲ್ಲ. ತಮ್ಮ ಮೇಲೆ ನನಗೆ ಸಿಟ್ಟಿಲ್ಲ ಎನ್ನುವುದಕ್ಕೆ ಇದೇ ಕಾರಣ. ತಾವು ಹೊಟ್ಟೆಪಾಡಿಗೆ ಕಚ್ಚುತ್ತೀರಿ, ಬಜೆಟ್ ಭಾಷಣ ಮಾಡಿಲ್ಲ, ಭರವಸೆ ಕೊಟ್ಟಿಲ್ಲ, ಆದ್ದರಿಂದ ತಪ್ಪಿಲ್ಲ.

ಉತ್ತರ ಬೇಕಿರುವುದು ಪ್ರತಿಗಳನ್ನು ಪಡೆಯುವವರಿಂದ.

ಇತಿ,
ಕಾಡಂಚಿನ ಒಬ್ಬ ತೆರಿಗೆದಾರ

ಪ್ರತಿಗಳು:
ಆರೋಗ್ಯ ಇಲಾಖೆಗೆ: ಸಭೆಯನ್ನು ಜನವರಿಯ ಬದಲು ಅಕ್ಟೋಬರಿನಲ್ಲಿ ಕರೆಯುವ ಬಗ್ಗೆ.
ಪಶುಪಾಲನಾ ಇಲಾಖೆಗೆ: ದನದ ಮೈಮೇಲಿನ ಉಣುಗು ತಮ್ಮ ವ್ಯಾಪ್ತಿಗೆ ಬರುವ ಬಗ್ಗೆ.
ಅರಣ್ಯ ಇಲಾಖೆಗೆ: ಸತ್ತ ಮಂಗದ ಸುದ್ದಿಯನ್ನು ಅದೇ ದಿನ ಆರೋಗ್ಯ ಇಲಾಖೆಗೆ ತಲುಪಿಸುವ ಬಗ್ಗೆ.
ಓದುಗರಿಗೆ: ಮಲೆನಾಡಿನಲ್ಲಿ ಬೇಸಿಗೆಯ ತಿಂಗಳುಗಳಲ್ಲಿ ಕಾಡು ತೋಟ ಸುತ್ತಿದವರಿಗೆ ಏಕಾಏಕಿ ಜ್ವರ, ತಲೆನೋವು, ಮೈಕೈ ನೋವು ಬಂದರೆ ಮಾತ್ರೆ ನುಂಗಿಸಿ ಮಲಗಿಸಬೇಡಿ, ಮೊದಲ ದಿನಗಳಲ್ಲೇ ಸರ್ಕಾರಿ ಆಸ್ಪತ್ರೆಗೆ ಕರೆದೊಯ್ದು ರಕ್ತ ಪರೀಕ್ಷೆ ಮಾಡಿಸಿ. ಸತ್ತ ಮಂಗ ಕಂಡರೆ ಮುಟ್ಟಬೇಡಿ, ಫೋನ್ ಮಾಡಿ ತಿಳಿಸಿ. ಯಾರೂ ಬಾರದಿದ್ದರೆ ಮತ್ತೆ ಮಾಡಿ.