ಎರಡೂವರೆ ವರ್ಷದ ವಕ್ತೃವಿನ ವಾಗ್ವ್ಯವಹಾರ: ನೆಲೆಗಳು, ಆಯಾಮಗಳು ಮತ್ತು ಒಂದು ಬೆಲ್ಲದ ಡಬ್ಬಿ

ಪ್ರಸ್ತುತ ಪ್ರಬಂಧವು ಶೈಶವ ಸಂಕಥನದ ತಾತ್ವಿಕ ಆಕೃತಿಗಳನ್ನು ಗೃಹಕೇಂದ್ರಿತ ನೆಲೆಯಲ್ಲಿ ಮುಖಾಮುಖಿಯಾಗಿಸಿ, ಅವುಗಳ ಬಹುಮುಖೀ ಆಯಾಮಗಳೊಂದಿಗೆ ಅನುಸಂಧಾನ ನಡೆಸುವ ಒಂದು ವಿನಮ್ರ ಪ್ರಯತ್ನವಾಗಿದೆ. ಹಾಗೆಂದರೇನು ಎಂದು ಯಾರೂ ಕೇಳಬಾರದು. ವಿಚಾರ ಸಂಕಿರಣಗಳಲ್ಲಿ ನಾನೂ ಕೇಳಿದವಳಲ್ಲ. ಊಟದ ಗಂಟೆ ಆಗುವವರೆಗೆ ತಲೆಯಾಡಿಸಿದವಳು.

ಅಧ್ಯಯನದ ವ್ಯಾಪ್ತಿ: ಅಡುಗೆಮನೆಯಿಂದ ಬಚ್ಚಲುಮನೆಯವರೆಗೆ, ನಡುವೆ ಬರುವ ಮಂಚದಡಿಯ ಪ್ರದೇಶವೂ ಸೇರಿ. ಮಿತಿ: ವಕ್ತೃ ನಿದ್ದೆ ಹೋದಾಗ ಮಾತ್ರ ಬರವಣಿಗೆ ಸಾಧ್ಯ. ವಕ್ತೃವಿನ ಹೆಸರು ಪುಟ್ಟಿ. ವೃತ್ತಿ, ಕೆಳಗಿನ ಕಪಾಟು ಖಾಲಿ ಮಾಡುವುದು. ಕ್ಷೇತ್ರಕಾರ್ಯದ ಸಂಭಾವನೆಯಾಗಿ ದ್ರಾಕ್ಷಿ, ಗೋಡಂಬಿ ನೀಡಲಾಯಿತು. ಗೋಡಂಬಿ ಸ್ವೀಕೃತವಾಯಿತು, ದ್ರಾಕ್ಷಿಯನ್ನು ಅರ್ಧ ಅಗಿದು ಸಂಶೋಧಕಿಯ ಅಂಗೈಗೆ ವಾಪಸು ಮಾಡಲಾಯಿತು.

ಪೂರ್ವಾಧ್ಯಯನಗಳ ಸಮೀಕ್ಷೆ. ಈ ಕ್ಷೇತ್ರದ ಹಿರಿಯರು ಚಾರ್ಲ್ಸ್ ಡಾರ್ವಿನ್. ಮಗ ವಿಲಿಯಂ ಕೂಸಾಗಿದ್ದಾಗ ಬರೆದಿಟ್ಟಿದ್ದ ದಿನಚರಿಯನ್ನು 37 ವರ್ಷಗಳ ಮೇಲೆ ಹೊರತೆಗೆದು, 1877ರಲ್ಲಿ ‘ಮೈಂಡ್’ ಪತ್ರಿಕೆಗೆ ಒಂದು ಪುಟ್ಟ ಲೇಖನ ಮಾಡಿಕೊಟ್ಟರು. ಆ ಹುಡುಗ ವರ್ಷ ತುಂಬುವಾಗ ಊಟಕ್ಕೆ ತಾನೇ ಒಂದು ಹೆಸರಿಟ್ಟುಕೊಂಡನಂತೆ: ‘ಮಮ್’. ಲಂಡನ್ನಿನ ಆ ಕೂಸಿಗೂ, ‘ಮಮ್ಮು ತಿನ್ನು ಬಾ’ ಎಂದೊಡನೆ ಮಂಚದಡಿ ಸೇರುವ ನಮ್ಮ ವಕ್ತೃವಿಗೂ ಏನು ಸಂಬಂಧ? ವಸಾಹತುಶಾಹಿ ಪ್ರಭಾವ ಎಂದರೆ ಒಂದು ಸಂಕಿರಣ ದಾಟುತ್ತದೆ, ದೇಸಿ ಪ್ರತಿರೋಧ ಎಂದರೆ ಇನ್ನೊಂದು. ಮೊಲೆಯುಣ್ಣುವ ತುಟಿಗೆ ಎಲ್ಲಕ್ಕಿಂತ ಮೊದಲು ದಕ್ಕುವ ಸದ್ದೇ ಅದು ಎಂಬ ವಿವರಣೆಯೂ ಉಂಟು. ಎಲ್ಲರಿಗೂ ಅರ್ಥವಾಗುವುದರಿಂದ ಅದನ್ನು ಕೈಬಿಡಲಾಗಿದೆ.

ಅದೇ ಹುಡುಗ ಎರಡು ವರ್ಷ ಏಳೂವರೆ ತಿಂಗಳಾದಾಗ ಸಕ್ಕರೆ ಕದ್ದು ಊಟದ ಕೋಣೆಯಿಂದ ಹೊರಬಂದನಂತೆ, ಕಣ್ಣು ವಿಪರೀತ ಹೊಳೆಯುತ್ತಿದ್ದವಂತೆ. ಹದಿನೈದು ದಿನ ಕಳೆದು ಮತ್ತೆ ಅಲ್ಲಿಂದಲೇ ಬಂದಾಗ ಅಂಗಿಯ ಮೇಲುಹೊದಿಕೆಯನ್ನು ಜೋಪಾನವಾಗಿ ಸುತ್ತಿಕೊಂಡಿದ್ದ. ಬಿಚ್ಚಿ ನೋಡಿದರೆ ಉಪ್ಪಿನಕಾಯಿ ರಸದ ಕಲೆ. ಇಷ್ಟನ್ನು ಡಾರ್ವಿನ್ ನೆಟ್ಟಗೆ ಬರೆದಿದ್ದಾರೆ. ತಾತ್ವಿಕ ಆಕೃತಿ ಎಲ್ಲೂ ಇಲ್ಲ. ಇಂದು ನಮ್ಮಲ್ಲಿ ಕಳಿಸಿದ್ದರೆ ‘ಸೈದ್ಧಾಂತಿಕ ಚೌಕಟ್ಟು ಸಾಲದು’ ಎಂಬ ಷರಾ ಹೊತ್ತು ಮರಳುತ್ತಿತ್ತು.

ನಮ್ಮ ಕ್ಷೇತ್ರದಲ್ಲಿ ದೊರೆತ ಸಮಾನಾಂತರ ಆಕರ, ಬೆಲ್ಲದ ಡಬ್ಬಿ. ವಕ್ತೃ ಅದನ್ನು ನನ್ನೆದುರಿಗೇ ತೆರೆದು, ಕಣ್ಣು ಬಿಗಿಯಾಗಿ ಮುಚ್ಚಿಕೊಂಡು ತಿನ್ನುತ್ತಾಳೆ. ಅವಳಿಗೆ ಅಮ್ಮ ಕಾಣುತ್ತಿಲ್ಲ, ಆದ್ದರಿಂದ ಅಮ್ಮನಿಗೆ ಅವಳೂ ಕಾಣುತ್ತಿಲ್ಲ. ಹಾಲು ಕುಡಿದ ಬೆಕ್ಕಿನ ಗಾದೆಗೆ ಇದನ್ನು ಹೋಲಿಸುವುದು ಶಾಸ್ತ್ರಸಮ್ಮತವಾಗದು. ಬೆಕ್ಕು ಕಿವಿಯವರೆಗೆ ಮೆತ್ತಿಕೊಳ್ಳುವುದಿಲ್ಲ.

ಲಿಂಗ ವಿವೇಚನೆ. ‘ಅಪ್ಪ ಬಂತು.’ ‘ಅಜ್ಜಿ ಮಲಗಿದೆ.’ ಆದರೆ ‘ಕಾಗೆ ಬಂದ್ರು.’ ಮೇಲ್ನೋಟಕ್ಕೆ ಅವ್ಯವಸ್ಥೆ. ಆದರೆ ಮಗು, ಕೂಸು, ಶಿಶು ಎಲ್ಲವನ್ನೂ ನಪುಂಸಕಲಿಂಗಕ್ಕೆ ತಳ್ಳಿದ್ದು ನಾವೇ. ‘ಮಗು ಎದ್ದಿತಾ? ಹಾಲು ಕುಡೀತಾ? ಕಕ್ಕ ಮಾಡ್ತಾ?’ ಎಂದು ಹುಟ್ಟಿದಾಗಿನಿಂದ ಕೇಳಿಸಿಕೊಂಡವಳು ಈಗ ಬಾಕಿ ತೀರಿಸುತ್ತಿದ್ದಾಳೆ. ಕಾಗೆಯ ಗೌರವಕ್ಕೂ ಆಧಾರವಿದೆ: ಪಿತೃಪಕ್ಷದಲ್ಲಿ ಅಜ್ಜಿ ಮಹಡಿಯ ಮೇಲೆ ಎಡೆಯಿಟ್ಟು, ಸೆರಗು ಹೊದ್ದು, ‘ಬಂದ್ರಾ, ಬಂದ್ರಾ’ ಎಂದು ಕಾಗೆಗಾಗಿ ಕಾದದ್ದನ್ನು ಅವಳು ಸೊಂಟದ ಮೇಲೆ ಕೂತು ನೋಡಿದ್ದಾಳೆ. ಇಡೀ ವರ್ಷ ಮನೆಯಲ್ಲಿ ಅಷ್ಟು ಮರ್ಯಾದೆ ಸಿಕ್ಕ ಅತಿಥಿ ಬೇರೊಬ್ಬರಿಲ್ಲ.

ರೋದನ ಪ್ರಭೇದಗಳು. ವಕ್ತೃವಿನ ಅಳುವನ್ನು ಏಳು ವರ್ಗ, ಇಪ್ಪತ್ತೊಂದು ಉಪವರ್ಗಗಳಾಗಿ ವಿಂಗಡಿಸಬಹುದು. 1. ಹಸಿವಿನ ಅಳು. 2. ಬಿದ್ದ ಅಳು: (ಅ) ಯಾರಾದರೂ ನೋಡಿದ್ದರೆ, (ಆ) ಯಾರೂ ನೋಡದಿದ್ದರೆ ಅಳುವಿಲ್ಲ, ಎದ್ದು ಹೋಗುತ್ತಾಳೆ. 3. ಬಾಳೆಹಣ್ಣು ಮುರಿದ ಅಳು. ಇದು ಭಯಂಕರ. ಇಡೀ ಹಣ್ಣು ಬೇಕಿತ್ತು, ಎರಡು ತುಂಡಾಯಿತು, ಇನ್ನೊಂದು ಕೊಟ್ಟರೂ ಆಗದು, ಇದೇ ಕೂಡಬೇಕು. ಉಳಿದ ವರ್ಗಗಳನ್ನು ಯಾರಾದರೂ ಪಿಎಚ್.ಡಿ. ವಿದ್ಯಾರ್ಥಿ ಮಾಡಿಕೊಳ್ಳಲಿ.

ಕ್ರಿಯಾಪದ ವಿಚಾರಕ್ಕೆ ಬರೋಣ. ಮಾಡಿದೆ, ಓಡಿದೆ, ಹಾಡಿದೆ ಎಂಬುದನ್ನು ಕೇಳಿ ಕೇಳಿ ವಕ್ತೃ ಒಂದು ಸೂತ್ರ ಕಟ್ಟಿಕೊಂಡಿದ್ದಾಳೆ. ಅದರ ಪ್ರಕಾರ ಅಮ್ಮನಿಗೆ ಬಿಸ್ಕತ್ತು ‘ಕೊಡಿದೆ’, ಮೆಟ್ಟಿಲಿಂದ ‘ಬೀಳಿದೆ’, ಪಕ್ಕದ ಮನೆ ಅಣ್ಣನ ಟೋಪಿ ನೋಡಿ ‘ನಗಿದೆ’, ಆಮೇಲೆ ‘ಅಳಿದೆ’. ‘ಯಾಕೆ ಪುಟ್ಟೀ ಅತ್ತೆ?’ ಎಂದರೆ ‘ಅತ್ತೆ ಹಾಸನದಲ್ಲಿ’ ಎಂಬ ಖಚಿತ ಉತ್ತರ ಬರುತ್ತದೆ. ಕೊಟ್ಟೆ, ಬಿದ್ದೆ, ನಕ್ಕೆ ಎಂದು ದೊಡ್ಡವರು ಯಾಕೆ ಹಟ ಹಿಡಿಯುತ್ತಾರೋ ಅವಳಿಗೆ ತಿಳಿಯದು. 13ನೇ ಶತಮಾನದಲ್ಲಿ ‘ಶಬ್ದಮಣಿದರ್ಪಣ’ ಬರೆದ ಕೇಶಿರಾಜನಿಗೆ ಜನ್ನನಂಥ ಕವಿ ಸೋದರಮಾವ. ನಮ್ಮ ವಕ್ತೃವಿನ ಸೋದರಮಾವ ಬಂದಾಗಲೆಲ್ಲ ಕೈಗೆ ಮೊಬೈಲ್ ಕೊಟ್ಟು ಕೂರಿಸುವವನು. ಹಾಗಿದ್ದೂ ಸೂತ್ರ ಹೊಳೆದಿದೆ.

1958ರಲ್ಲಿ ಜೀನ್ ಬರ್ಕೊ ಎಂಬಾಕೆ ಅಮೆರಿಕದಲ್ಲಿ ಮಕ್ಕಳಿಗೆ ಲೋಕದಲ್ಲೇ ಇಲ್ಲದ ಒಂದು ಪ್ರಾಣಿಯ ಚಿತ್ರ ತೋರಿಸಿ, ಇದು ‘ವಗ್’ ಎಂದರು. ಇನ್ನೊಂದು ಬಂತು, ಈಗ ಎರಡಿವೆ, ಏನನ್ನುತ್ತೀರಿ ಎಂದು ಕೇಳಿದರು. ಹಿಂದೆಂದೂ ಕೇಳದ ಆ ಶಬ್ದಕ್ಕೆ ಮಕ್ಕಳು ಸಲೀಸಾಗಿ ಬಹುವಚನ ಹಚ್ಚಿದವು. ‘ಕೊಡಿದೆ’ಯನ್ನೂ ಅವಳಿಗೆ ಯಾರೂ ಹೇಳಿಕೊಟ್ಟಿಲ್ಲ, ಮನೆಯಲ್ಲಿ ಯಾರೂ ಆಡುವುದೂ ಇಲ್ಲ. ಇಡೀ ಭಾಷೆಯನ್ನು ಕಿವಿಯಲ್ಲೇ ಬಿಡಿಸಿ ನೋಡಿ, ನಿಯಮ ಹೆಕ್ಕಿ, ತಾನೇ ಮಾಡಿದ ಶಬ್ದ ಅದು.

ಇಂಥವಳನ್ನು ನಮ್ಮ ಬಡಾವಣೆಯ ಒಂದು ಪ್ಲೇಸ್ಕೂಲಿಗೆ ಕರೆದುಕೊಂಡು ಹೋದೆವು. ಸಂದರ್ಶನ ಅನ್ನುವಂತಿಲ್ಲ, ‘ಇಂಟರಾಕ್ಷನ್’ ಅನ್ನಬೇಕು. ಮೇಡಂ ಪ್ಲಾಸ್ಟಿಕ್ ಹಣ್ಣುಗಳನ್ನು ಹರಡಿ, ಮಾವಿನಹಣ್ಣು ತೋರಿಸಿ, ಇದೇನೆಂದು ಇಂಗ್ಲಿಷಿನಲ್ಲಿ ಕೇಳಿದರು. ಪುಟ್ಟಿ ಅದನ್ನು ಎರಡೂ ಕೈಯಲ್ಲಿ ಎತ್ತಿಕೊಂಡಳು, ಮೂಸಿದಳು, ನೆಕ್ಕಿದಳು, ಕೆಳಗಿಟ್ಟು ‘ಇದು ಹಣ್ಣಲ್ಲ’ ಎಂದಳು. ಕಾರ್ಡಿನಲ್ಲಿ ಬಿದ್ದದ್ದು: ‘ಎಕ್ಸ್‌ಪ್ರೆಸಿವ್ ಲಾಂಗ್ವೇಜ್, ಬಿಲೋ ಎಕ್ಸ್‌ಪೆಕ್ಟೇಷನ್.’ ಕೆಳಗೆ ಸಲಹೆ, ಮನೆಯಲ್ಲಿ ಇಂಗ್ಲಿಷಿನಲ್ಲೇ ಮಾತಾಡಿಸಿ.

ಇಲ್ಲಿಂದ ಮುಂದೆ ‘ಲಾಗಿದೆ’, ‘ಮಾಡಲಾಗಿದೆ’ ಎಂದೆಲ್ಲ ಬರೆಯುವ ತಾಳ್ಮೆ ನನಗಿಲ್ಲ. ಆ ಕೋಣೆಯಲ್ಲಿ ಅಂದು ನಿಜ ಹೇಳಿದ್ದು ಅವಳೊಬ್ಬಳೇ! 2020ರ ರಾಷ್ಟ್ರೀಯ ಶಿಕ್ಷಣ ನೀತಿ, ಸಾಧ್ಯವಿರುವ ಕಡೆ ಕನಿಷ್ಠ ಐದನೇ ತರಗತಿವರೆಗೆ ಮನೆಮಾತಿನಲ್ಲಿ ಕಲಿಸಿ ಎನ್ನುತ್ತದೆ. ಈ ಮೇಡಂ ಮನೆಯೊಳಗೂ ಮನೆಮಾತು ಬೇಡ ಎನ್ನುತ್ತಾರೆ. ಸಂಕಿರಣದ ವೇದಿಕೆಯವರೂ ಈ ಕಾರ್ಡಿನವರೂ ಒಂದೇ ಬಳಗ ಎಂದು ನನಗೆ ಹೊಳೆದದ್ದು ಆಗ. ಎದುರಿಗಿದ್ದವರ ಮಾತು ಕೇಳಿಸಿಕೊಳ್ಳದಿರಲು ಇಬ್ಬರಿಗೂ ದೊಡ್ಡ ಶಬ್ದ ಬೇಕು. ಅಲ್ಲಿ ಜನಪದರು ಹಾಡುವ ಮೊದಲೇ ‘ಪ್ರತಿರೋಧದ ನೆಲೆ’ಯಾಗುತ್ತಾರೆ, ಇಲ್ಲಿ ಮಗು ಬಾಯಿ ಬಿಡುವ ಮೊದಲೇ ‘ಬಿಲೋ’ ಆಗುತ್ತದೆ. ಇಂಗ್ಲಿಷು ಬರುತ್ತದೆ ಬಿಡಿ, ಯಾರಿಗೆ ಬರದೆ ಹೋಗಿದೆ? ‘ನಗಿದೆ’ ಎಂದು ಸೂತ್ರ ಕಟ್ಟಿದ ತಲೆಗೆ ಮೂರು ಭಾಷೆ ಭಾರವಲ್ಲ. ಆದರೆ ತನ್ನ ಮಾತು ಮಾತೇ ಅಲ್ಲ ಎಂದು ಎರಡೂವರೆ ವರ್ಷಕ್ಕೇ ಅವಳಿಗೆ ತಿಳಿಸಲು ಇವರು ಯಾರು?

ಫಲಿತಗಳು. ಕಾಗೆಗಳು ಇನ್ನೂ ಬರುತ್ತಿದ್ದಾರೆ. ಅಪ್ಪ ಮಾತ್ರ ಹೋದ ವಾರ ಬಡ್ತಿ ಪಡೆದು ‘ಬಂದ್ರು’ ಆಗಿದ್ದಾರೆ, ಆಫೀಸಿನಲ್ಲಿ ಸಿಗದ್ದು ಮನೆಯಲ್ಲಾದರೂ ಸಿಕ್ಕಿತು. ಮೊನ್ನೆ ಚಪಾತಿ ಚೂರನ್ನು ನನ್ನ ಬಾಯಿಗಿಟ್ಟು ‘ಕೊಟ್ಟೆ’ ಎಂದಳು, ಸ್ಪಷ್ಟವಾಗಿ. ಅಜ್ಜಿ ಚಪ್ಪಾಳೆ ತಟ್ಟಿದರು, ನನಗೆ ಚಪಾತಿ ಗಂಟಲಲ್ಲಿ ಇಳಿಯಲಿಲ್ಲ. ‘ಬೀಳಿದೆ’ ಹೋಗಿ ಆಗಲೇ ತಿಂಗಳಾಗಿದೆ. ಉಳಿದಿರುವುದು ‘ನಗಿದೆ’ ಒಂದು. ಅದನ್ನು ತಿದ್ದಬೇಡಿ ಅತ್ತೆ, ಇನ್ನೊಂದಷ್ಟು ದಿನ ಇರಲಿ ಎಂದು ಅಜ್ಜಿಯನ್ನು ಕೇಳಿಕೊಂಡಿದ್ದೇನೆ. ಅವರು ಬಜೆ ತೇಯ್ದು ಮಗುವಿನ ನಾಲಿಗೆಗೆ ಹಚ್ಚಿದವರು, ಕೇಳುತ್ತಿಲ್ಲ.