ಕಲೆಕ್ಟರ್ ಸಾಹೇಬ ಕಾಲೆಳೆದ ಕಾಗದ

ಆದೋನಿಯಲ್ಲಿ ವಗ್ಗಾಣಿ ಮುಗಿದು ಚಾ ಬರುವಷ್ಟರಲ್ಲಿ ನಮ್ಮ ಮಾಮ ಒಂದಾದರೂ ದೇಶದ ಕಥೆ ಮುಗಿಸಿಬಿಡುತ್ತಾರೆ. ಮೊನ್ನೆ ಅಮೆರಿಕದ ಸರದಿ.

"ಆಡಮ್ಸು, ಜೆಫರ್ಸನ್ನು ಅಂತ ಇಬ್ರು ಅಧ್ಯಕ್ಷರಿದ್ರು ಅಳಿಯಾ. 1800ರ ಎಲೆಕ್ಷನ್‌ನಾಗ ಕೆಟ್ಟು ಮಾತು ಬಿಟ್ರು. 1812ರಾಗ ಆಡಮ್ಸನೇ ಸೋತು, 'ಮನಿಯಾಗ ನೂತಿದ್ದು ಎರಡು ತುಂಡು ಕಳಸೀನಿ' ಅಂತ ಕಾಗದ ಬರದ. ಕಾಗದ ಮೊದಲು ಮುಟ್ತು, ಗಂಟು ಹಿಂದೆ ಉಳೀತು. ಜೆಫರ್ಸನ್ ಅದನ್ನ ಬಟ್ಟೆ ಅಂತ್ಲೇ ತಿಳಕೊಂಡು, ನಮ್ಮ ಕಡೆ ನೂಲೋದು ಹಿಂಗ, ನೇಯೋದು ಹಿಂಗ ಅಂತ ಉತ್ತರ ಬರದುಬಿಟ್ಟ. ಬಿಚ್ಚಿದ್ರೆ ಏನದು? ಆಡಮ್ಸನ ಮಗನ ಉಪನ್ಯಾಸದ ಪುಸ್ತಕ, ಎರಡು ಸಂಪುಟ!"

ಹತ್ತಿ ಮಂಡಿಯ ಊರಿನವರಿಗೆ ಇದಕ್ಕಿಂತ ನಗು ಬರಿಸುವ ಮಾತಿಲ್ಲ. ಇಲ್ಲಿ ಚೀಲಕ್ಕೆ ಕೈ ಹಾಕಿ, ಒಂದು ಹಿಡಿ ಅರಳೆ ಎಳೆದು, ಬೆರಳಲ್ಲಿ ಹಿಂಜಿ ಎಳೆ ನೋಡದೆ ಯಾವನೂ ದರ ಬಾಯಿಬಿಡುವುದಿಲ್ಲ.

"ಆಮೇಲೆ ಹದಿನಾಲ್ಕು ವರ್ಷ ಕಾಗದಾನೇ ಕಾಗದ. ಆಡಮ್ಸಂದು 109, ಜೆಫರ್ಸನಂದು 49."

"ಸಾಲ ಕೇಳೋನೂ ಅಷ್ಟು ಬರೆಯಲ್ಲ ಬಿಡ್ರಿ ಮಾಮಾ. ಅಷ್ಟು ದೂರ ಯಾಕೆ, ನಮ್ಮ ಮನ್ರೋ ಏನು ಕಡಿಮೆ?"

1800ರಲ್ಲಿ ನಿಜಾಮ ಈ ಸೀಮೆಯನ್ನು ಕಂಪನಿಗೆ ಬಿಟ್ಟುಕೊಟ್ಟಾಗ ಪ್ರಧಾನ ಕಲೆಕ್ಟರಾಗಿ ಬಂದವನು ಥಾಮಸ್ ಮನ್ರೋ. ಡೇರೆ ಹೊತ್ತು ಊರೂರು ತಿರುಗಿ ಏಳು ವರ್ಷ ಕಂದಾಯದ ಲೆಕ್ಕ ಹಾಕಿದ. ಅವನ ಗೆಳೆಯ ಆರ್ಥರ್ ವೆಲ್ಲೆಸ್ಲಿ 1803ರ ಸೆಪ್ಟೆಂಬರ್ 23ರಂದು ಅಸ್ಸಾಯೆಯಲ್ಲಿ ಮರಾಠರನ್ನು ಗೆದ್ದ. ಎಲ್ಲರೂ ಭೇಷ್ ಅಂದರು. ಮನ್ರೋ ಮಾತ್ರ, ನಿನ್ನ ಕಡೆಯ ಸ್ಟೀವನ್‌ಸನ್ನನ ದಂಡನ್ನು ಬೇರೆ ಕಳಿಸಿದ್ದು ಯಾಕಪ್ಪಾ, ಕೀರ್ತಿಗೆ ಪಾಲುದಾರರು ಕಡಿಮೆ ಇರಲಿ ಅಂತ ತಾನೆ, ಎಂಬರ್ಥದಲ್ಲಿ ಕೆಣಕಿದ. ಲೆಕ್ಕದ ಕಡತ ನೋಡುವ ಮನುಷ್ಯ, ಗೆದ್ದ ಜನರಲ್‌ಗೆ!

ವೆಲ್ಲೆಸ್ಲಿ ಸಿಟ್ಟಾಗಲಿಲ್ಲ. ನಿಮ್ಮಂಥ ಬಲ್ಲವರು ನನ್ನ ಕಡೆ ಇರಬೇಕು ಎಂದು ಪೀಠಿಕೆ ಹಾಕಿ, ನವೆಂಬರ್ 1ರಂದು ಉದ್ದನೆಯ ಸಮಜಾಯಿಷಿ ಬರೆದ. ಹರಿಕಾರರು ಶತ್ರುವಿನ ಬೀಡು ಭೋಕರ್ದನ್‌ನಲ್ಲಿದೆ ಎಂದಿದ್ದರಂತೆ. ಭೋಕರ್ದನ್ ಊರಿನ ಹೆಸರೂ ಹೌದು, ಸೀಮೆಯ ಹೆಸರೂ ಹೌದು. ಹೋಗಿ ನೋಡಿದರೆ ದಂಡು ಕಣ್ಣೆದುರಿಗೇ ಇದೆ!

"ನಮ್ಮ ಬೀಗರ ಹಂಗ," ಮಾಮ ಬಸಿಯಲ್ಲಿ ಚಾ ಸುರಿದುಕೊಂಡರು. "ಆದೋನ್ಯಾಗ ಅದೀನಿ ಅಂತಾರ ಫೋನಿನಾಗ. ಊಟಕ್ಕ ಕಾದು ಕುಂತ್ರೆ ಕೌತಾಳದಾಗ ಇರ್ತಾರ."

ಅದೇ ವೆಲ್ಲೆಸ್ಲಿ ಮುಂದೆ ವೆಲ್ಲಿಂಗ್ಟನ್ ಆಗಿ ವಾಟರ್ಲೂ ಗೆದ್ದು, 1828ರಲ್ಲಿ ಇಂಗ್ಲೆಂಡಿನ ಪ್ರಧಾನಿಯಾದ. ಮನ್ರೋ ಮದರಾಸಿನ ಗವರ್ನರಾದ. ಊರಿಗೆ ಮರಳುವ ಮುಂಚೆ ಈ ಸೀಮೆಯನ್ನು ಕಡೆಯ ಸಲ ನೋಡಿಹೋಗಲು ಬಂದವನು 1827ರ ಜುಲೈ 6ರಂದು ಇಲ್ಲೇ ಪತ್ತಿಕೊಂಡದಲ್ಲಿ ಕಾಲರಾಕ್ಕೆ ತೀರಿಕೊಂಡ.

ಮಾಮ ಸ್ವಲ್ಪ ಹೊತ್ತು ಸುಮ್ಮನಿದ್ದರು.

"ನಾನೂ ಬರದೀನಿ ಅಳಿಯಾ, ಕಚೇರಿಗೆ, ನಳದ ನೀರಿನ ಬಗ್ಗೆ. ಕನ್ನಡದಾಗ ಎರಡು, ತೆಲುಗಿನಾಗ ಐದು."

"ಅವರದು?"

"ಜೆಫರ್ಸನ್ನೇ ಪಾಡು. ಬಟ್ಟೆ ಅಂತ ತಿಳಕೊಂಡಾದ್ರೂ ಬರದ."